ಗಡ್ಡೆಯೂ ಮರಗಟ್ಟೀತೇ?

"ಉಸಿರು ಬಿಗಿ ಹಿಡೀಬೇಡಿ ಯಜಮಾನ್ರೇ, ಸ್ವಲ್ಪ ತಣ್ಣಗೆ ಅನ್ಸುತ್ತೆ, ಅಷ್ಟೇ."

ಹೀಗೆನ್ನುತ್ತಲೇ ಸಿಸ್ಟರ್ ಸೂಜಿಯಿಲ್ಲದ ಸಿರಿಂಜನ್ನು ಒತ್ತಿದರು. ಲೋಳೆಸರದ ತಿರುಳಿನಂತೆ ಬಣ್ಣವಿಲ್ಲದ, ಜಾರುವ ಜೆಲ್ಲಿ. ಎಪ್ಪತ್ತು ದಾಟಿದ ನಮ್ಮ ಸೋದರಮಾವ ಮೇಜಿನ ಮೇಲೆ ಸೂರು ನೋಡುತ್ತಾ ಮಲಗಿದ್ದರು. ಜೆಲ್ಲಿ ಮೂತ್ರನಾಳಕ್ಕೆ ಇಳಿಯಿತು. "ಹತ್ತು ನಿಮಿಷ ಹಾಗೇ ಇರಿ, ಮರಗಟ್ಟಲಿ" ಎಂದು ಸಿಸ್ಟರ್ ಗೋಡೆ ಗಡಿಯಾರ ನೋಡಿದರು. ಆಮೇಲೆ ಡಾಕ್ಟರು ಬಂದು, ತುದಿಯಲ್ಲಿ ದೀಪವಿರುವ ತೆಳು ಕೊಳವೆಯನ್ನು ಒಳಗೆ ತೂರಿಸಿ, ಟೀವಿ ಪರದೆಯನ್ನು ನನ್ನತ್ತಲೂ ತಿರುಗಿಸಿದರು.

ನಾನು ಕಂಡದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮೂತ್ರಕೋಶದ ಒಳಗೆ ಅದೊಂದು ಕೆರೆಯ ತಳ! ನಸುಗೆಂಪು ಗೋಡೆ, ಅದರ ಮೇಲೆ ಎಳೆ ಬಳ್ಳಿಯಂಥ ರಕ್ತನಾಳಗಳು, ಒಂದು ಮೂಲೆಯಲ್ಲಿ ನೀರಿನ ಸೆಳೆತಕ್ಕೆ ತೊನೆಯುವ ಪಾಚಿಯ ಹಾಗೆ ಎಸಳೆಸಳಾಗಿ ಆಡುತ್ತಿದ್ದ ಏನೋ ಒಂದು. ಎಷ್ಟು ಚೆಂದವಿತ್ತೆಂದರೆ, ಅದೇನೆಂದು ಡಾಕ್ಟರು ಹೇಳುವ ತನಕ ನನಗೆ ಭಯವೇ ಆಗಲಿಲ್ಲ. "ಇದೇ ನೋಡಿ ಗಡ್ಡೆ" ಎಂದರು.

ಮಾವನಿಗೆ ಒಂದು ದಿನವೂ ನೋವಿರಲಿಲ್ಲ. ಎರಡು ತಿಂಗಳ ಹಿಂದೆ ಒಂದೇ ಒಂದು ಸಲ ಮೂತ್ರ ಕೆಂಪಗಾಗಿತ್ತು. ಹಿಂದಿನ ರಾತ್ರಿಯ ಬೀಟ್‌ರೂಟ್ ಪಲ್ಯದ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ದರು.

ಆ ಜೆಲ್ಲಿಯ ಹೆಸರು ಲಿಗ್ನೋಕೇನ್. ಹಲ್ಲು ಕೀಳುವಾಗ ವಸಡಿಗೆ ಚುಚ್ಚುವುದೂ ಅದನ್ನೇ, ಸೀಳಿದ ಗಾಯಕ್ಕೆ ಹೊಲಿಗೆ ಹಾಕುವ ಮುಂಚೆ ಕೊಡುವುದೂ ಅದನ್ನೇ. ಆ ದಿನ ನಾನು ಅದರತ್ತ ಎರಡನೇ ಸಲ ನೋಡಲೂ ಇಲ್ಲ. ಆಮೇಲೆ ಮಾವನ ಕಾಯಿಲೆಯ ಬಗ್ಗೆ ಓದುತ್ತಾ ಹೋದಾಗ ಒಂದು ಸಾಲು ನನ್ನನ್ನು ಎಬ್ಬಿಸಿ ಕೂರಿಸಿತು: ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮೂತ್ರಕೋಶದ ಕ್ಯಾನ್ಸರ್ ಕಣಗಳ ಮೇಲೆ ಲಿಗ್ನೋಕೇನ್ ಸುರಿದರೆ ಅವು ಬೆಳೆಯುವುದನ್ನೇ ನಿಲ್ಲಿಸುತ್ತವಂತೆ. ಅಂದರೆ, ಕ್ಯಾಮೆರಾಕ್ಕೆ ದಾರಿ ಬಿಡಿಸಲು ಹಾಕಿದ ಜೆಲ್ಲಿ, ಕ್ಯಾಮೆರಾ ಹುಡುಕಲು ಹೊರಟ ಗಡ್ಡೆಯ ಮೇಲೇ ಕೈ ಮಾಡಬಲ್ಲದೇ! ಒಂದು ತೊಟ್ಟು ಜೆಲ್ಲಿ ಮೂತ್ರಕೋಶಕ್ಕೂ ಜಾರಿರುತ್ತದಲ್ಲ. ಇಷ್ಟು ವರ್ಷ ಅದು ಅಂಥ ಪಾಚಿಗಳ ಪಕ್ಕದಲ್ಲೇ ಹಾದುಹೋಗುತ್ತಿತ್ತು.

ಈ ಮದ್ದಿನ ಹುಟ್ಟಿನ ಕಥೆಯೇ ನಾಲಿಗೆಯ ಕಥೆ. ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು, ನಾಲಿಗೆಯ ಅಂಚು ಸತ್ತಂತಾದ ಅನುಭವ ನಮಗೆಲ್ಲ ಉಂಟು. ವಿಯೆನ್ನಾದಲ್ಲೂ ಅಷ್ಟೇ ಆದದ್ದು. ಕೋಕಾ ಎಲೆಯಿಂದ ತೆಗೆದ ಕೊಕೇನಿನ ಹಿಂದೆ ಬಿದ್ದಿದ್ದ ಯುವ ವೈದ್ಯ ಸಿಗ್ಮಂಡ್ ಫ್ರಾಯ್ಡ್, 1884ರಲ್ಲಿ ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ನೋಡಲು ಊರಿಗೆ ಹೊರಟುಬಿಟ್ಟ. ಅವನ ಗೆಳೆಯ ಕಾರ್ಲ್ ಕೋಲರ್, ಈ ಪುಡಿ ನಾಲಿಗೆಯನ್ನು ಜೋಮುಗಟ್ಟಿಸುವುದನ್ನು ಗಮನಿಸಿ, ನಾಲಿಗೆಗಾದದ್ದು ಕಣ್ಣಿಗೇಕಾಗಬಾರದು ಎಂದುಕೊಂಡ. ಮೊದಲು ಕಪ್ಪೆಯ ಕಣ್ಣು, ಆಮೇಲೆ ತನ್ನದೇ ಕಣ್ಣು. ಮುಟ್ಟಿದರೂ ಗೊತ್ತಾಗಲಿಲ್ಲ! ಅದೇ ಸೆಪ್ಟೆಂಬರ್ 15ರಂದು ಹೈಡಲ್‌ಬರ್ಗಿನಲ್ಲಿ ನಡೆದ ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ಹೋಗಲು ಕೋಲರನ ಬಳಿ ದುಡ್ಡಿರಲಿಲ್ಲ. ಅವನ ಪ್ರಬಂಧವನ್ನು ಬೇರೊಬ್ಬ ವೈದ್ಯರು ಓದಿದರು. ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ವಿದ್ಯೆ ಅಂದು ಲೋಕಕ್ಕೆ ಬಂತು.

ಅರ್ಧ ಶತಮಾನದ ನಂತರ ಸ್ಟಾಕ್‌ಹೋಮ್‌ನಲ್ಲಿ ಮತ್ತೆ ಅದೇ ನಾಲಿಗೆ. ಬಾರ್ಲಿಯಲ್ಲಿ ಸಿಕ್ಕ ಒಂದು ರಾಸಾಯನಿಕವನ್ನು ಅಧ್ಯಯನ ಮಾಡುತ್ತಿದ್ದ ಹೋಲ್ಗರ್ ಎರ್ಡ್ಟ್‌ಮನ್, ಅದರ ಅಣ್ಣತಮ್ಮನಂಥ ಇನ್ನೊಂದನ್ನು ಕೈಯಾರೆ ತಯಾರಿಸಿ, ಆ ಕಾಲದ ರಸಾಯನ ವಿಜ್ಞಾನಿಗಳ ರೂಢಿಯಂತೆ ನಾಲಿಗೆಗೆ ಮುಟ್ಟಿಸಿ ನೋಡಿದ. ನಾಲಿಗೆ ಮರಗಟ್ಟಿತು. ಅವನ ಶಿಷ್ಯ ನೀಲ್ಸ್ ಲೋಫ್‌ಗ್ರೆನ್ ಆ ಜಾಡು ಹಿಡಿದು ಒಂದರ ಮೇಲೊಂದು ರಾಸಾಯನಿಕ ಮಾಡುತ್ತಾ ಹೋಗಿ, 1943ರಲ್ಲಿ ಎಲ್‌ಎಲ್ 30 ಎಂಬ ಅಣುವಿಗೆ ಬಂದು ನಿಂತ. ಎರಡನೆಯ ಎಲ್ ಯಾರದು ಗೊತ್ತೇ? ಬೆಂಗ್ಟ್ ಲುಂಡ್‌ಕ್ವಿಸ್ಟ್ ಎಂಬ ಹುಡುಗನದು. ಅವನು ಅರಿವಳಿಕೆಯ ಪಠ್ಯಪುಸ್ತಕ ಎದುರಿಗಿಟ್ಟುಕೊಂಡು ತನಗೆ ತಾನೇ ಚುಚ್ಚಿಕೊಂಡು ಪರೀಕ್ಷಿಸಿದವನು. 1948ರಲ್ಲಿ ಅದು ಕ್ಸೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಗ್ರೀಕಿನಲ್ಲಿ 'ಕ್ಸೈಲಾನ್' ಎಂದರೆ ಮರ. ಲ್ಯಾಟಿನ್ನಿನಲ್ಲಿ 'ಲಿಗ್ನಮ್' ಎಂದರೂ ಮರ. ಕ್ಸೈಲಿಡೀನ್ ಎಂಬ ಮೂಲವಸ್ತುವಿನಿಂದ ಮಾಡಿದ್ದರಿಂದ ಎರಡು ಹೆಸರಿನಲ್ಲೂ ಮರ ಬಂದು ಕೂತಿದೆ. ನಾವು ಕನ್ನಡಿಗರು ಇದ್ಯಾವುದರ ಗೊಡವೆಯಿಲ್ಲದೆ, ಸ್ಪರ್ಶ ಸತ್ತ ಮೈಗೆ 'ಮರಗಟ್ಟಿತು' ಎನ್ನುತ್ತೇವೆ! ಆ ಸಿಸ್ಟರ್ "ಮರಗಟ್ಟಲಿ" ಎಂದಾಗ ತಮಗರಿವಿಲ್ಲದೆ ಮದ್ದಿನ ಹೆಸರನ್ನೇ ಹೇಳಿದ್ದರು. ಈ ಕಾಕತಾಳೀಯಕ್ಕೆ ಅರ್ಥವೇನೂ ಇಲ್ಲ, ಒಪ್ಪಿದೆ. ಆದರೂ ಖುಷಿಯಾಯಿತು. ಕ್ಸೈಲಿಡೀನ್ ಎಂಬ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮರಗಟ್ಟುವುದೆಂದರೆ ಒಳಗೆ ಆಗುವುದೇನು? ನರದ ಗೋಡೆಯಲ್ಲಿ ಸೋಡಿಯಂ ನುಗ್ಗುವ ಪುಟ್ಟ ಪುಟ್ಟ ತೂಬುಗಳಿವೆ. ತೂಬು ತೆರೆದರೆ ಸೋಡಿಯಂ ಒಳನುಗ್ಗಿ ವಿದ್ಯುತ್ತಿನ ಅಲೆಯೇಳುತ್ತದೆ. ಆ ಅಲೆ ಮಿದುಳನ್ನು ಮುಟ್ಟಿದಾಗಲೇ ಅದು ನೋವು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ ಎಂಬ ವಿಜ್ಞಾನಿಗಳು ಇದನ್ನು ಒಂದು ಬಗೆಯ ಕಡಲ ಪ್ರಾಣಿಯ, ಸ್ಕ್ವಿಡ್ಡಿನ, ದಪ್ಪ ನರದಲ್ಲಿ ಅಳೆದು 1952ರಲ್ಲಿ ಬರೆದರು. 1963ರಲ್ಲಿ ನೊಬೆಲ್ ಪಡೆದರು. ಲಿಗ್ನೋಕೇನ್ ಮಾಡುವುದಿಷ್ಟೇ: ಕಣದ ಒಳಹೊಕ್ಕು, ಒಳಗಿನಿಂದ ಆ ತೂಬಿಗೆ ಬಿರಡೆ ಜಡಿಯುತ್ತದೆ. ಅಲೆ ಏಳುವುದಿಲ್ಲ, ಸುದ್ದಿ ಹೋಗುವುದಿಲ್ಲ.

ತೂಬು ನರ, ಸ್ನಾಯುಗಳ ಸೊತ್ತು ಎಂದೇ ಹೆಚ್ಚಿನವರು ತಿಳಿದಿದ್ದರು. 1995ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮುಸ್ತಫಾ ಜಾಮ್‌ಗೋಜ್ ಅವರ ತಂಡ ಇಲಿಯ ಪ್ರಾಸ್ಟೇಟ್ ಕ್ಯಾನ್ಸರಿನ ಎರಡು ಜಾತಿಯ ಕಣಗಳನ್ನು ಹೋಲಿಸಿ ನೋಡಿತು. ಒಂದು ಜಾತಿ ಇದ್ದಲ್ಲೇ ಇರುವ ಸಾಧು. ಇನ್ನೊಂದು ಮೈಯೆಲ್ಲ ಹಬ್ಬುವ ಪುಂಡ. ಪುಂಡನಲ್ಲಿ ನರದಲ್ಲಿರುವಂಥದೇ ಸೋಡಿಯಂ ತೂಬುಗಳಿದ್ದವು, ಸಾಧುವಿನಲ್ಲಿ ಇರಲಿಲ್ಲ! ತೂಬು ಮುಚ್ಚುವ ಒಂದು ವಿಷ ಹಾಕಿದಾಗ ಪುಂಡನ ಓಡಾಟವೂ ತಗ್ಗಿತು. ಆ ವಿಷ ಬಂದದ್ದು ಉಬ್ಬುಮೀನಿನಿಂದ. ಮೀನಿನ ವಿಷವನ್ನು ರೋಗಿಗೆ ಕೊಡುವವರು ಯಾರು? ಆದರೆ ತೂಬು ಮುಚ್ಚುವ ಇನ್ನೊಂದು ಮದ್ದು ಜಗತ್ತಿನ ಪ್ರತಿ ಆಪರೇಷನ್ ಥಿಯೇಟರಿನ ಟ್ರೇಯಲ್ಲೂ ಇತ್ತು.

ಅದನ್ನು ಎತ್ತಿ ಮನುಷ್ಯರಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ್ದು ನಮ್ಮ ದೇಶದವರು, ಮುಂಬಯಿಯವರು. ಟಾಟಾ ಮೆಮೋರಿಯಲ್ ಸೆಂಟರಿನ ಸ್ತನ ಕ್ಯಾನ್ಸರ್ ಸರ್ಜನ್ ರಾಜೇಂದ್ರ ಬಡ್ವೆ ಅವರ ಮುಂದಾಳ್ತನದಲ್ಲಿ ದೇಶದ 11 ಆಸ್ಪತ್ರೆಗಳು ಸೇರಿದವು. ಒಟ್ಟು 1,600 ಮಹಿಳೆಯರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಚಾಕು ಮುಟ್ಟಿಸುವ ಏಳರಿಂದ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಎಲ್ಲ ಮಗ್ಗುಲಿನಿಂದಲೂ ಶೇ 0.5ರ ಲಿಗ್ನೋಕೇನ್ ಚುಚ್ಚಿದರು. ಇನ್ನೊಂದು ಗುಂಪಿಗೆ ಚುಚ್ಚಲಿಲ್ಲ. ಉಳಿದೆಲ್ಲವೂ ಅದೇ ಆಪರೇಷನ್, ಅದೇ ಚಿಕಿತ್ಸೆ.

ಸುಮ್ಮನೆ ಯೋಚಿಸಿ. ಎಲ್ಲರಿಗೂ ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಆಗುವಾಗ, ನೋವಿನ ಸಲುವಾಗಿ ಆ ಚುಚ್ಚುಮದ್ದು ಬೇಕಾಗಿಯೇ ಇರಲಿಲ್ಲ. ಹತ್ತು ನಿಮಿಷದ ಒಂದು ಕಾಯುವಿಕೆ, ಅಷ್ಟೇ. ಐದು ವರ್ಷಗಳ ನಂತರ ಲೆಕ್ಕ ಹಾಕಿದರೆ, ಚುಚ್ಚದ ಗುಂಪಿನಲ್ಲಿ ಬದುಕಿದ್ದವರು ಶೇ 86.4. ಚುಚ್ಚಿದ ಗುಂಪಿನಲ್ಲಿ ಶೇ 90.1! ಕಾಯಿಲೆ ಮರುಕಳಿಸದೆ ಇದ್ದವರು ಅಲ್ಲಿ ಶೇ 82.6, ಇಲ್ಲಿ ಶೇ 86.6. 2022ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಕ್ಯಾನ್ಸರ್ ಸಮ್ಮೇಳನದಲ್ಲಿ ಈ ಅಂಕಿ ಓದಿದರು, ಮರುವರ್ಷ ಅಚ್ಚಾಯಿತು. ನೂರಕ್ಕೆ ನಾಲ್ಕು ಜನ ಎಂದು ಮೂಗು ಮುರಿಯುವವರು ಇರಬಹುದು. ಕ್ಯಾನ್ಸರಿನ ಲೋಕದಲ್ಲಿ ಇಷ್ಟೇ ಲಾಭ ಕೊಡುವ ಹೊಸ ಔಷಧಿಗೆ ಲಕ್ಷಗಟ್ಟಲೆ ಬೆಲೆಯಿಡುತ್ತಾರೆ. ಇದು ಊರ ಮೆಡಿಕಲ್ ಷಾಪಿನಲ್ಲಿ ಸಿಗುವ ಸೀಸೆ.

ಕತ್ತರಿಸುವ ಹೊತ್ತಿನಲ್ಲಿ ಗಡ್ಡೆ ಸುಮ್ಮನಿರುವುದಿಲ್ಲ, ಒತ್ತಡಕ್ಕೆ ಸಿಕ್ಕ ಕಣಗಳು ಕಾಲಿಗೆ ಬುದ್ಧಿ ಹೇಳುತ್ತವೆ, ಮೊದಲೇ ತೂಬು ಮುಚ್ಚಿದರೆ ಓಡುವ ಶಕ್ತಿ ಉಡುಗುತ್ತದೆ ಎನ್ನುವುದು ಬಡ್ವೆ ಬಳಗದ ಊಹೆ.

ಹಾಗಾದರೆ ಲಿಗ್ನೋಕೇನನ್ನು ರಕ್ತಕ್ಕೇ ಹರಿಸಿದರಾಯಿತಲ್ಲ, ಎಲ್ಲ ಕ್ಯಾನ್ಸರಿಗೂ ಮುಟ್ಟುತ್ತದಲ್ಲ? ಚೀನಾದಲ್ಲಿ ಅದನ್ನೂ ಮಾಡಿ ನೋಡಿದರು. ಮೇದೋಜೀರಕದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದ 563 ಜನರಲ್ಲಿ ಅರ್ಧ ಮಂದಿಗೆ ಆಪರೇಷನ್ ಉದ್ದಕ್ಕೂ ಡ್ರಿಪ್ಪಿನಲ್ಲಿ ಲಿಗ್ನೋಕೇನ್ ಹರಿಸಿದರು. 2022ರಲ್ಲಿ ಫಲಿತಾಂಶ ಬಂತು: ಆಯುಸ್ಸು ಹೆಚ್ಚಲಿಲ್ಲ.

ನನ್ನ ಉತ್ಸಾಹ ಅರ್ಧ ಇಳಿದುಹೋಗಿತ್ತು. ಆಗಲೇ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಈ ಬರಹದ ಜೀವ ಇರುವುದು ಆ ಲೆಕ್ಕದಲ್ಲೇ.

ರಕ್ತದಲ್ಲಿ ಲಿಗ್ನೋಕೇನ್ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ದಾಟುವ ಹಾಗಿಲ್ಲ. ದಾಟಿದರೆ ಮೊದಲು ತುಟಿ ಜುಮ್ಮೆನ್ನುತ್ತದೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ, ಇನ್ನೂ ಏರಿದರೆ ಫಿಟ್ಸ್, ಕೊನೆಗೆ ಹೃದಯದ ತಾಳವೇ ತಪ್ಪುತ್ತದೆ. ಹೃದಯವೂ ಸೋಡಿಯಂ ತೂಬುಗಳಿಂದಲೇ ಬಡಿಯುವ ಅಂಗ ತಾನೇ? ಇನ್ನು ತಟ್ಟೆಯ ಪ್ರಯೋಗಗಳಲ್ಲಿ ಕ್ಯಾನ್ಸರ್ ಕಣ ಸಾಯುವುದು ಹೆಚ್ಚಾಗಿ ಇದರ ಹತ್ತಾರು ಪಟ್ಟು, ನೂರಾರು ಪಟ್ಟು ಗಾಢವಾದ ದ್ರಾವಣದಲ್ಲಿ. ಅಷ್ಟನ್ನು ರಕ್ತಕ್ಕೆ ಹರಿಸಿದರೆ ಗಡ್ಡೆಗಿಂತ ಮುಂಚೆ ಮನುಷ್ಯ ಹೋಗುತ್ತಾನೆ. ಬಡ್ವೆ ಬಳಗ ಚುಚ್ಚಿದ ಶೇ 0.5ರ ದ್ರಾವಣದಲ್ಲಿ ಮಿಲಿಲೀಟರಿಗೆ 5 ಮಿಲಿಗ್ರಾಂ ಇರುತ್ತದೆ. ಅಂದರೆ ರಕ್ತ ತಡೆದುಕೊಳ್ಳುವುದರ ಸಾವಿರ ಪಟ್ಟು! ಗಡ್ಡೆಯ ಸುತ್ತಲೇ ಇಟ್ಟದ್ದರಿಂದ ಅದು ಸಾಧ್ಯವಾಯಿತು. ಮಾವನಿಗೆ ಹಾಕಿದ ಶೇ 2ರ ಜೆಲ್ಲಿಯಲ್ಲಿ? ನಾಲ್ಕು ಸಾವಿರ ಪಟ್ಟು.

ಈಗ ಹೇಳಿ, ದೇಹದಲ್ಲಿ ಯಾವ ಅಂಗವನ್ನು ಹೀಗೆ ಮದ್ದಿನಿಂದ ತುಂಬಿ, ಬಾಯಿ ಕಟ್ಟಿ, ಎರಡು ಗಂಟೆ ಇಟ್ಟು, ಆಮೇಲೆ ಚೆಲ್ಲಿಬಿಡಬಹುದು?

ಮೂತ್ರಕೋಶ!

ಅದು ಚೀಲ. ಸೃಷ್ಟಿಯೇ ಹೊಲಿದುಕೊಟ್ಟ ಚೀಲ. ಕ್ಯಾಥೆಟರಿನಿಂದ ತುಂಬಬಹುದು, ಮೂತ್ರ ಮಾಡಿದರೆ ಖಾಲಿ. ದೇಹದ ಕಸವನ್ನು ಗಂಟೆಗಟ್ಟಲೆ ಹಿಡಿದಿಡಬೇಕಾದ ಚೀಲವಾದ್ದರಿಂದ, ಕಸ ಮತ್ತೆ ರಕ್ತಕ್ಕೆ ಸೋರದಂತೆ ಅದರ ಒಳಗೋಡೆಗೆ ಛತ್ರಿಯಂತೆ ಹರಡಿಕೊಂಡ ಕಣಗಳ ಹಾಸಿದೆ. ದೇಹದ ಅತಿ ಬಿಗಿಯಾದ ಗೋಡೆಗಳಲ್ಲಿ ಅದೂ ಒಂದು. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ನಾಲ್ಕರಲ್ಲಿ ಮೂರು ಭಾಗ ಮೊದಲು ಸಿಕ್ಕಾಗ ಈ ಒಳಪದರದಲ್ಲೇ ಇರುತ್ತವೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಚೀಲದೊಳಗೆ ಏನು ಸುರಿದರೂ ಗಡ್ಡೆಗೆ ನೇರ ಅಭಿಷೇಕ, ರಕ್ತಕ್ಕೆ ಹೋಗುವುದು ಅಲ್ಪ.

ಮೂತ್ರಕೋಶದ ವೈದ್ಯರಿಗೆ ಇದು ಹೊಸ ಸುದ್ದಿಯಲ್ಲ. ಅವರು ದಶಕಗಳಿಂದ ಸುರಿಯುತ್ತಲೇ ಇದ್ದಾರೆ. ಗಡ್ಡೆಯನ್ನು ಒಳಗಿನಿಂದಲೇ ಕೆರೆದು ತೆಗೆಯುವಾಗ ಅದರ ಚೂರುಗಳು ನೀರಿನಲ್ಲಿ ತೇಲುತ್ತವೆ. ಗಾಯವಾದ ಗೋಡೆಗೆ ಅವು ಮತ್ತೆ ಅಂಟಿ ಬೇರು ಬಿಡದಿರಲೆಂದು ಆಯ್ದ ರೋಗಿಗಳಿಗೆ 24 ಗಂಟೆಯೊಳಗೆ ಮೈಟೊಮೈಸಿನ್ ಎಂಬ ಕೀಮೋ ಔಷಧಿ ತುಂಬಿಸುವ ಪದ್ಧತಿಯಿದೆ. ಮಾವ ತಮ್ಮ ಸರದಿಯಲ್ಲಿ ಔಷಧಿ ಒಳಗಿಟ್ಟುಕೊಂಡು ಕಾಲು ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ, ಬೋರಲು, ಅಂಗಾತ ಎಂದು ಮಗ್ಗುಲು ಬದಲಿಸುತ್ತಿದ್ದರು. "ದೋಸೆ ಥರ ತಿರುವಿ ಹಾಕ್ತಿದಾರೆ ಕಣೋ" ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ಇಷ್ಟೆಲ್ಲ ಮಾಡಿದರೂ ಈ ಕಾಯಿಲೆ ಕಳೆಯ ಹಾಗೆ. ಕಿತ್ತಷ್ಟೂ ಚಿಗುರುತ್ತದೆ. ಅದಕ್ಕೇ ವರ್ಷಕ್ಕೆ ಇಷ್ಟು ಸಲ ಎಂದು ಕ್ಯಾಮೆರಾ ಇಳಿಸುತ್ತಲೇ ಇರಬೇಕು, ಪ್ರತಿ ಸಲವೂ ಅದೇ ಜೆಲ್ಲಿ.

ಮೈಟೊಮೈಸಿನ್ನಿನ ಜೊತೆಗೆ ಲಿಗ್ನೋಕೇನನ್ನೂ ಸುರಿದರೆ? 2018ರಲ್ಲಿ ಚೀನಾದ ಸಂಶೋಧಕರು ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ತಟ್ಟೆಯಲ್ಲಿದ್ದ ಮೂತ್ರಕೋಶದ ಕ್ಯಾನ್ಸರ್ ಕಣಗಳ ಬೆಳವಣಿಗೆಯನ್ನು ಲಿಗ್ನೋಕೇನ್ ತಾನೇ ತಡೆಯಿತು, ಕೀಮೋ ಔಷಧಿಗಳ ಜೊತೆ ಸೇರಿದಾಗ ಇನ್ನೂ ಜೋರಾಗಿ ತಡೆಯಿತು. ಆಮೇಲೆ ಇಲಿಗಳ ಮೂತ್ರಕೋಶದಲ್ಲೇ ಗಡ್ಡೆ ಬೆಳೆಸಿ, ಕೂದಲೆಳೆಯಂಥ ನಳಿಕೆಯಲ್ಲಿ ಎರಡನ್ನೂ ಸುರಿದರು. ಆ ಇಲಿಗಳು ಹೆಚ್ಚು ದಿನ ಬದುಕಿದವು. ಕೊನೆಗೆ ತೂಗಿ ನೋಡಿದಾಗ ಅವುಗಳ ಮೂತ್ರಕೋಶ ಹಗುರವಾಗಿತ್ತು, ಅಂದರೆ ಗಡ್ಡೆಯ ಭಾರ ಕಡಿಮೆ. ಒಂದು ಇಲಿಯ ಮೂತ್ರಕೋಶವನ್ನು ತಕ್ಕಡಿಗಿಟ್ಟು ಉಸಿರು ಬಿಗಿಹಿಡಿದು ಅಂಕಿ ನೋಡಿದ ಆ ಸಂಶೋಧಕರನ್ನು ನೆನೆದರೆ ನನಗೆ ಈಗಲೂ ರೋಮಾಂಚನ.

ತೂಬಿನ ಕಥೆಯಲ್ಲೇ ಎಲ್ಲವೂ ಮುಗಿಯುವುದಿಲ್ಲ ಎನ್ನುವುದು ಇನ್ನೊಂದು ವಿಸ್ಮಯ. ಲಿಗ್ನೋಕೇನ್ ಕಹಿ. ದಂತವೈದ್ಯರ ಕುರ್ಚಿಯಲ್ಲಿ ಒಂದು ಹನಿ ನಾಲಿಗೆಗೆ ಬಿದ್ದವರಿಗೆಲ್ಲ ಗೊತ್ತು. ಆ ಕಹಿಯನ್ನು ಹಿಡಿಯುವ ಗ್ರಾಹಕಗಳು ನಾಲಿಗೆಯಲ್ಲಷ್ಟೇ ಇಲ್ಲ, ದೇಹದ ಬೇರೆ ಕಣಗಳಲ್ಲೂ ಇವೆ. 2023ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ತೋರಿಸಿತು: ಬಾಯಿ-ಗಂಟಲಿನ ಕ್ಯಾನ್ಸರ್ ಕಣಗಳ ಮೇಲಿನ ಟಿ2ಆರ್14 ಎಂಬ ಕಹಿ ಗ್ರಾಹಕವನ್ನು ಲಿಗ್ನೋಕೇನ್ ತಟ್ಟುತ್ತದೆ, ಕಣದೊಳಗೆ ಕ್ಯಾಲ್ಸಿಯಂ ಉಕ್ಕುತ್ತದೆ, ಕಣ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಕ್ಯಾನ್ಸರ್ ಕಣಕ್ಕೆ ಕಹಿ ತಿಳಿಯುತ್ತದೆ, ತಿಳಿದು ಸಾಯುತ್ತದೆ! ಎರ್ಡ್ಟ್‌ಮನ್ನನ ನಾಲಿಗೆ ಕೊನೆಗೂ ಎಲ್ಲಿಗೆ ಬಂದು ಮುಟ್ಟಿತು ನೋಡಿ. ಮೂತ್ರಕೋಶದ ಗಡ್ಡೆಯಲ್ಲೂ ಇದೇ ನಡೆಯುತ್ತದೆಂದು ನಾನು ಹೇಳಲಾರೆ. ಕಣವೊಂದಕ್ಕೆ ಹಲವು ಬಾಗಿಲುಗಳು, ಬೀಗದ ಕೈ ಒಂದೇ ಎಂಬ ಗುಮಾನಿಯಂತೂ ಬರುತ್ತದೆ.

ಮೂತ್ರಕ್ಕೆ ಲಿಗ್ನೋಕೇನ್ ಸುರಿದರೆ ಒಂದು ತೊಡಕಿದೆ, ಅದಕ್ಕೆ ಪರಿಹಾರ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೂತ್ರ ತುಸು ಹುಳಿ, ಪಿಎಚ್ ಸಾಮಾನ್ಯವಾಗಿ 6ರ ಆಸುಪಾಸು. ಆ ಹುಳಿಯಲ್ಲಿ ಲಿಗ್ನೋಕೇನ್ ಅಣುಗಳು ವಿದ್ಯುದಾವೇಶ ಹೊತ್ತುಕೊಂಡು ಕಣದ ಹೊರಗೇ ನಿಲ್ಲುತ್ತವೆ. ಗೋಡೆ ದಾಟಬಲ್ಲವು ನೂರರಲ್ಲಿ ಒಂದೋ ಎರಡೋ. ಅದೇ ಪಿಎಚ್ಚನ್ನು 8ಕ್ಕೆ ಏರಿಸಿದರೆ ಅರ್ಧಕ್ಕಿಂತ ಹೆಚ್ಚು ಅಣುಗಳು ಸಲೀಸಾಗಿ ಒಳಗೆ. ಏರಿಸುವುದು ಹೇಗೆ? ಸೋಡಿಯಂ ಬೈಕಾರ್ಬೊನೇಟಿನಿಂದ. ಬಜ್ಜಿ ಉಬ್ಬಲು ಚಿಟಿಕೆ ಹಾಕುತ್ತೀರಲ್ಲ, ಅದೇ ಅಡುಗೆ ಸೋಡಾ! ಇದು ಬಾಯಿಮಾತಲ್ಲ. ಕಾರಣವಿಲ್ಲದೆ ಮೂತ್ರಕೋಶ ಉರಿಯುತ್ತಲೇ ಇರುವ ಒಂದು ಹಟಮಾರಿ ಕಾಯಿಲೆಯಿದೆ. 2009ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಅಂಥ ರೋಗಿಗಳ ಮೂತ್ರಕೋಶಕ್ಕೆ ಕ್ಷಾರ ಬೆರೆಸಿದ 200 ಮಿಲಿಗ್ರಾಂ ಲಿಗ್ನೋಕೇನನ್ನು ದಿನಕ್ಕೊಮ್ಮೆಯಂತೆ 5 ದಿನ ತುಂಬಿಸಿ, ನೋವು ತಗ್ಗಿದ್ದನ್ನು ದಾಖಲಿಸಿದರು. ಅಂದರೆ ಮನುಷ್ಯರ ಮೂತ್ರಕೋಶಕ್ಕೆ ಇದನ್ನು ಸುರಿಯುವುದು ಹೇಗೆಂದು ವೈದ್ಯಲೋಕಕ್ಕೆ ಆಗಲೇ ಗೊತ್ತು. ಸುರಿದದ್ದು ಕ್ಯಾನ್ಸರಿಗಲ್ಲ, ಅಷ್ಟೇ.

ಆ ಅಧ್ಯಯನದ ಮುಂದಾಳು ಕರ್ಟಿಸ್ ನಿಕೆಲ್, ಕೆನಡಾದ ಕಿಂಗ್‌ಸ್ಟನ್ ಎಂಬ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದವರು. ಆಂಟೇರಿಯೋ ಸರೋವರದ ದಂಡೆಯ ಒಂದು ಪುಟ್ಟ ಊರು. ಊರಿನ ಹೆಸರು ಓದಿದ್ದೇ ನಾನು ಕುರ್ಚಿಯಿಂದ ಎದ್ದೆ. ಮಾವನಿಗೆ ಕೊಟ್ಟ ಬಿಸಿಜಿ ಚಿಕಿತ್ಸೆ ಹುಟ್ಟಿದ್ದೂ ಅಲ್ಲೇ!

ಬಿಸಿಜಿ ಗೊತ್ತಲ್ಲ, ನಮ್ಮೆಲ್ಲರ ಎಡತೋಳಿನ ಮೇಲೆ ಕಲೆ ಬಿಟ್ಟಿರುವ ಕ್ಷಯದ ಲಸಿಕೆ. 1976ರಲ್ಲಿ ಕಿಂಗ್‌ಸ್ಟನ್‌ನ ಅಲ್ವಾರೊ ಮೊರಾಲೆಸ್ ಆ ಜೀವಂತ ಬ್ಯಾಕ್ಟೀರಿಯಾಗಳನ್ನು 9 ರೋಗಿಗಳ ಮೂತ್ರಕೋಶಕ್ಕೆ ಸುರಿದು, ಗಡ್ಡೆಗಳ ಮರುಕಳಿಕೆ ತಗ್ಗಿದ್ದನ್ನು ಪ್ರಕಟಿಸಿದರು. ವಾರಕ್ಕೊಂದರಂತೆ 6 ವಾರ ಕೊಡಬೇಕೆಂಬ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಲಸಿಕೆಯ ಪೊಟ್ಟಣದಲ್ಲಿ 6 ಸೀಸೆ ಇದ್ದವು! ಇವತ್ತಿಗೂ ಜಗತ್ತಿನಾದ್ಯಂತ ಮೊದಲ ಸುತ್ತು 6 ವಾರವೇ. ಮಾವನಿಗೂ ಆರೇ ವಾರ. 9 ಜನರಿಂದ ಶುರುವಾದದ್ದಕ್ಕೆ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಬಿದ್ದದ್ದು 1990ರಲ್ಲಿ. ಮೂತ್ರಕೋಶ ಇಂಥ ವಿಚಿತ್ರ ಅತಿಥಿಗಳನ್ನು ಬರಮಾಡಿಕೊಳ್ಳುವ ಮನೆ. ಎದೆಹಾಲಿನ ಒಂದು ಪ್ರೋಟೀನು ಕ್ಯಾನ್ಸರ್ ಕಣಗಳನ್ನು ಕೊಲ್ಲುವುದನ್ನು 1995ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಕಂಡವರು ಆಮೇಲೆ ಅದನ್ನು ರೋಗಿಗಳಲ್ಲಿ ಪರೀಕ್ಷಿಸಲು ಆರಿಸಿಕೊಂಡ ಅಂಗಗಳಲ್ಲಿ ಇದೂ ಒಂದು.

ಕಿಂಗ್‌ಸ್ಟನ್ ಅಲ್ಲಿಗೇ ಬಿಡಲಿಲ್ಲ. 2018ರಲ್ಲಿ ಅಲ್ಲಿನ ಅರಿವಳಿಕೆ ತಜ್ಞರು, ಮೂತ್ರಕೋಶದ ಗಡ್ಡೆ ಕೆರೆಸಿಕೊಂಡ 231 ಜನರ ಹಳೆಯ ಕಡತ ತೆರೆದರು. ಪೂರ್ತಿ ಪ್ರಜ್ಞೆ ತಪ್ಪಿಸಿದವರಿಗಿಂತ, ಬೆನ್ನುಹುರಿಯ ಬಳಿ ಸ್ಥಳೀಯ ಅರಿವಳಿಕೆ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದವರಲ್ಲಿ ಗಡ್ಡೆ ಮರುಕಳಿಸಿದ್ದು ಕಡಿಮೆ, ತಡವಾಗಿಯೂ ಮರುಕಳಿಸಿತ್ತು. ಹಳೆಯ ಕಡತ ನೋಡಿ ಹಾಕಿದ ಲೆಕ್ಕವಿದು, ಬೇರೆ ಊರುಗಳ ಲೆಕ್ಕಗಳು ಎಲ್ಲವೂ ಇದಕ್ಕೆ ದನಿಗೂಡಿಸಿಲ್ಲ. ಬೆನ್ನಿಗೆ ಕೊಟ್ಟ ಮದ್ದು ಗಡ್ಡೆಯನ್ನು ಮುಟ್ಟುವುದೂ ಇಲ್ಲ, ಅದರ ದಾರಿ ಬೇರೆಯೇ ಇದ್ದೀತು. ಇನ್ನೊಂದು ಸಂಗತಿ: ಮೂತ್ರಕೋಶದ ಪಕ್ಕದಲ್ಲೇ ತೊಡೆಗೆ ಹೋಗುವ ನರವೊಂದಿದೆ. ಕರೆಂಟಿನ ತಂತಿಯಿಂದ ಗಡ್ಡೆ ಕೆರೆಯುವಾಗ ಆ ನರ ಕೆರಳಿದರೆ ಕಾಲು ತಟಕ್ಕನೆ ಒದೆಯುತ್ತದೆ, ತಂತಿ ಗೋಡೆ ತೂರಬಹುದು. ಅದಕ್ಕೂ ಮದ್ದು, ಆ ನರದ ಬುಡಕ್ಕೆ ಸ್ಥಳೀಯ ಅರಿವಳಿಕೆ. ಎತ್ತ ತಿರುಗಿದರೂ ಈ ಮಹಾಶಯ ಎದುರಿಗೆ ನಿಂತಿರುತ್ತಾನೆ!

ಇಷ್ಟು ಕುಣಿದಾಡಿದ ಮೇಲೆ ಕಹಿಯನ್ನೂ ಬಡಿಸಬೇಕು. ಕ್ಸೈಲಿಡೀನ್ ನೆನಪಿದೆಯಲ್ಲ? ಲಿಗ್ನೋಕೇನ್ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋದಾಗ ಒಡೆದು ಮತ್ತೆ ಕ್ಸೈಲಿಡೀನ್ ಆಗುತ್ತದೆ. ಇದು ಅನಿಲೀನಿನ ಬಳಗದ್ದು. ಫ್ರಾಂಕ್‌ಫರ್ಟಿನ ಸರ್ಜನ್ ಲುಡ್ವಿಗ್ ರೆಹ್ನ್ 1895ರಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಗುರುತಿಸಿದಾಗ ಬೆರಳು ತೋರಿಸಿದ್ದು ಇದೇ ಬಳಗದತ್ತ. ಬೀಡಿ-ಸಿಗರೇಟಿನ ಹೊಗೆಯಲ್ಲಿ ಮೂತ್ರಕೋಶಕ್ಕೆ ಎರವಾಗುವುದೂ ಈ ಬಳಗದ ರಾಸಾಯನಿಕಗಳೇ. ಕ್ಸೈಲಿಡೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 'ಕ್ಯಾನ್ಸರ್ ತರಬಹುದಾದ' ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಹಲ್ಲು ಕೀಳಿಸಿಕೊಳ್ಳುವವರು ಗಾಬರಿಯಾಗಬೇಕಿಲ್ಲ, ಅದು ಎಂದೋ ಒಮ್ಮೆ. ವಾರಗಟ್ಟಲೆ, ತಿಂಗಳುಗಟ್ಟಲೆ ಸುರಿಯುವ ಮಾತು ಬಂದಾಗ ಮಾತ್ರ ಈ ಲೆಕ್ಕ ತೆಗೆದಿಡಲೇಬೇಕು. ಅಲ್ಲದೆ ಲಿಗ್ನೋಕೇನಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವೂ ಒಂದಿಷ್ಟಿದೆ. ಬಿಸಿಜಿ ಹಾಕುವ ದಿನ ಜೆಲ್ಲಿ ಅತಿಯಾದರೆ, ದುಡ್ಡು ಕೊಟ್ಟು ತಂದ ಜೀವಂತ ಬ್ಯಾಕ್ಟೀರಿಯಾಗಳನ್ನೇ ಅದು ಮಲಗಿಸೀತು.

ಆದ್ದರಿಂದ ನನ್ನ ತೀರ್ಪು ಇಷ್ಟು. ಸ್ತನ ಕ್ಯಾನ್ಸರಿನಲ್ಲಿ ಮನುಷ್ಯರ ಮೇಲಿನ ಸಾಕ್ಷ್ಯ ಬಂದಿದೆ, ಅದೂ ನಮ್ಮದೇ ನೆಲದಿಂದ. ಮೂತ್ರಕೋಶದಲ್ಲಿ ತಟ್ಟೆ ಮತ್ತು ಇಲಿಯ ಸಾಕ್ಷ್ಯವಷ್ಟೇ, ಲಿಗ್ನೋಕೇನ್ ಇನ್ನೂ ಚಿಕಿತ್ಸೆಯ ಪಟ್ಟಿಗೆ ಸೇರಿಲ್ಲ. ಆದರೆ ಸಾವಿರ ಪಟ್ಟು ಗಾಢ ಮದ್ದನ್ನು ಗಡ್ಡೆಗೆ ಅಪ್ಪಿಸಿ ಹಿಡಿಯಬಲ್ಲ ಚೀಲ ದೇಹದಲ್ಲಿ ಇದೊಂದೇ ಎಂಬಂತಿರುವಾಗ, ಸುರಿಯುವ ವಿಧಾನ ಕೈಯಲ್ಲಿರುವಾಗ, ಮದ್ದು ಅಗ್ಗವಾಗಿರುವಾಗ, ಮುಂಬಯಿ ಮಾದರಿಯ ಒಂದು ದೊಡ್ಡ ಪರೀಕ್ಷೆ ಇಲ್ಲಿಯೂ ಆಗಲೇಬೇಕು. ಪೇಟೆಂಟ್ ಮುಗಿದ ಸೀಸೆಗೆ ಕಂಪನಿಗಳು ದುಡ್ಡು ಸುರಿಯುವುದಿಲ್ಲ. ಸಾರ್ವಜನಿಕ ಹಣದಿಂದಲೇ ಆಗಬೇಕಾದ ಕೆಲಸವಿದು.

ಮಾವ ಕಳೆದ ತಿಂಗಳು ಮತ್ತೆ ಕ್ಯಾಮೆರಾ ಪರೀಕ್ಷೆಗೆ ಹೋಗಿದ್ದರು. ಜೆಲ್ಲಿ ಹಾಕುವಾಗ ಸಿಸ್ಟರ್‌ಗೆ, "ಇನ್ನೊಂಚೂರು ಜಾಸ್ತಿನೇ ಹಾಕಮ್ಮ, ನಮ್ಮ ಹುಡುಗ ಏನೋ ಓದ್ಕೊಂಡಿದಾನೆ" ಎಂದರಂತೆ. ಹಾಗೆ ಕೇಳಬಾರದೆಂದು ನಾನೇ ಆಮೇಲೆ ಗದರಿಸಬೇಕಾಯಿತು. ನೀವೂ ಕೇಳಬೇಡಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಬೇರೆಯೇ ಇದೆ. ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಹೆಚ್ಚು ಜನರಿಗೆ ಬರುವ ಈ ಕಾಯಿಲೆ ಸಾಮಾನ್ಯವಾಗಿ ನೋವಿಲ್ಲದೆಯೇ ಬರುತ್ತದೆ, ತಾನೇ ಅರಿವಳಿಕೆ ಹಾಕಿಕೊಂಡು ಬಂದ ಹಾಗೆ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ಮೂತ್ರ ಒಂದೇ ಒಂದು ಸಲ ಕೆಂಪಾದರೂ, ಮರುದಿನ ತಿಳಿಯಾದರೂ, ಯೂರಾಲಜಿಸ್ಟರನ್ನು ಕಾಣಿ. ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯ ತಿಂದಿದ್ದರೂ ಸರಿಯೇ.